ಮೆಟ್ಟಿಲ ಕೆಳಗಿನ ಕಪ್ಪು

“ಅಜ್ಜನ ಚಿತ್ರಕ್ಕೆಲ್ಲ ಮಸಿ ಹಾಕೋದು ನಮ್ಮಮ್ಮನೇ ಅಂತ ಇವತ್ತು ಟೀಚರ್‌ಗೆ ಹೇಳ್ಬಿಟ್ಟೆ!”

ಎಂಟು ವರ್ಷದ ಗುಬ್ಬಿ ಇಷ್ಟು ಹೇಳಿ, ಏನೂ ಆಗದವಳ ಹಾಗೆ ಹಾಲಿನ ಲೋಟ ಎತ್ತಿ ಕುಡಿಯತೊಡಗಿದಳು. ಮೇಜಿನ ಆಚೆ ಕೂತಿದ್ದ ಗುಬ್ಬಿಯ ಅಪ್ಪ ಬಾಯಿಯ ಹತ್ತಿರ ಒಯ್ದಿದ್ದ ಚಮಚವನ್ನು ಅಲ್ಲೇ ಹಿಡಿದುಕೊಂಡಿದ್ದ. ಅಜ್ಜ ತಟ್ಟೆಯನ್ನೇ ನೋಡುತ್ತಿದ್ದರು. ಗುಬ್ಬಿಯ ಅಮ್ಮ, ಆ ಮನೆಯ ಸೊಸೆ, ಮಗಳ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ಅವಳ ಕಣ್ಣು ನೇರ ಹೋದದ್ದು ಅತ್ತೆಯ ಮುಖಕ್ಕೆ.

“ಟೀಚರ್ ಏನಂದ್ರು ಪುಟ್ಟಾ?” ಎಂದು ಅತ್ತೆ ಕೇಳಿದರು. ಧ್ವನಿ ಬೆಣ್ಣೆಯಷ್ಟು ಮೆತ್ತಗಿತ್ತು.

“ನಕ್ಕರು. ಸುಳ್ಳು ಹೇಳಬಾರದು ಅಂದ್ರು.”

“ಸರಿಯಾಗೇ ಹೇಳಿದ್ದಾರೆ. ಹೋಗು, ಕೈ ತೊಳ್ಕೊಂಡು ಆಡ್ಕೋ.”

ಮಗು ಹೋಯಿತು. ಅತ್ತೆ ಎದ್ದು ಬಾಗಿಲು ಹಾಕಿದರು. ಚಿಲಕ ಬಿದ್ದ ಸದ್ದಿಗೇ ಸೊಸೆ ಬೆಚ್ಚಿದಳು.

“ಮಗುವಿನ ಕಣ್ಣೆದುರಿಗೆ ಕೂತು ಕೆಲಸ ಮಾಡಿದ್ಯಾ?”

“ಇಲ್ಲ ಅತ್ತೆ... ಬಾಗಿಲು ಹಾಕೇ ಇದ್ದೆ. ಯಾವಾಗ ಇಣುಕಿ ನೋಡಿದ್ಳೋ... ನಂಗೆ ಗೊತ್ತಾಗ್ಲಿಲ್ಲ.”

“ಗೊತ್ತಾಗ್ಲಿಲ್ವಂತೆ! ಗುರುವಾರ ಸಂಗ್ರಹಾಲಯದವರು ಬರ್ತಿದ್ದಾರೆ. ಇವರ ಹೆಸರಲ್ಲಿ ಒಂದು ಇಡೀ ಕೋಣೆ ಮಾಡ್ತಿದ್ದಾರೆ. ಇಷ್ಟು ವರ್ಷದ ದುಡಿಮೆ! ಅಷ್ಟರೊಳಗೆ ಈ ಮನೆಯಿಂದ ಒಂದು ಮಾತು ಆಚೆ ಬಿತ್ತೋ, ನೀನು ನಿನ್ನ ಬಟ್ಟೆಬರೆ ಕಟ್ಕೊಂಡು ನಡೀತಾ ಇರ್ಬೇಕು. ಗುಬ್ಬಿ ಇಲ್ಲೇ ಇರ್ತಾಳೆ. ತಿಳೀತಾ?”

ಸೊಸೆ ಗಂಡನ ಕಡೆ ನೋಡಿದಳು. ಅವನು ಚಮಚ ಕೆಳಗಿಟ್ಟು, “ಅಮ್ಮ ಹೇಳಿದ ಹಾಗೆ ಕೇಳು ಮಾರಾಯ್ತಿ...” ಎಂದು ಗೊಣಗಿದ. ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರತ್ತ ತಿರುಗಿದ್ದೇ ತಡ, ಬಾಯಿ ಮುಚ್ಚಿಕೊಂಡಿತು.

ಆ ಮನೆಯ ಯಜಮಾನರನ್ನು ಓದುಗರು ‘ಮಸಿ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ನಲವತ್ತೊಂದು ವರ್ಷಗಳಿಂದ ವಾರಪತ್ರಿಕೆಯೊಂದರಲ್ಲಿ ವಾರ ತಪ್ಪದೆ ಬರುತ್ತಿದ್ದ ‘ಮೆಟ್ಟಿಲ ಕೆಳಗಿನವನು’ ಎಂಬ ಚಿತ್ರಕಥೆ ಅವರದು. ಹಳೆಯ ಬಾಡಿಗೆ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಯಾರೋ ಇದ್ದಾನೆ. ಯಾರೆಂದು ಗೊತ್ತಿಲ್ಲ. ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವನ ಮುಖವನ್ನು ಅವರು ತೋರಿಸಿರಲಿಲ್ಲ. ಬೇರೆ ಚಿತ್ರಕಾರರು ಭಯ ಹುಟ್ಟಿಸಲು ಕೋರೆಹಲ್ಲು, ರಕ್ತ, ಕೆದರಿದ ಕೂದಲು ಬಿಡಿಸುತ್ತಿದ್ದ ಕಾಲದಲ್ಲಿ ಮೇಷ್ಟ್ರ ಪುಟದಲ್ಲಿ ಇದ್ದದ್ದು ಬರೀ ಕಪ್ಪು. ಮೊದಲ ಚೌಕದಲ್ಲಿ ಕಪ್ಪು ಮೂಲೆಯಲ್ಲಿರುತ್ತಿತ್ತು. ಎರಡನೆಯದರಲ್ಲಿ ಗೋಡೆ ಹತ್ತುತ್ತಿತ್ತು. ಪುಟದ ಕೊನೆಗೆ ಬರುವಷ್ಟರಲ್ಲಿ ಚೌಕಕ್ಕೆ ಚೌಕವೇ ಕಪ್ಪಾಗಿ, ನಡುವೆ ಒಂದೇ ಒಂದು ಬಿಳಿ ಉಳಿದಿರುತ್ತಿತ್ತು: ಬಾಗಿಲ ಹಿಡಿಯ ಮಿಂಚು, ಇಲ್ಲವೇ ಯಾರೋ ಓಡುವಾಗ ಬಿಟ್ಟುಹೋದ ಒಂದು ಕಾಲುಚೀಲ. ಅಂಚಿನಲ್ಲಿ ಸಣ್ಣ ಸಣ್ಣ ಓರೆಗೆರೆಗಳು, ಒಂದರ ಪಕ್ಕ ಒಂದು, ಕತ್ತಲೆಗೆ ರೋಮ ಎದ್ದಂತೆ. ಅದನ್ನು ಓದಿ ಬೆಳೆದ ಮಕ್ಕಳು ಇಂದು ತಾವೇ ಚಿತ್ರಕಾರರಾಗಿದ್ದರು. ಯಾವ ಹೊಸ ಪುಸ್ತಕ ತೆರೆದರೂ ಎಲ್ಲೋ ಒಂದು ಕಡೆ ಆ ಕಪ್ಪಿನ ನೆರಳು ಕಾಣುತ್ತಿತ್ತು.

ಸೊಸೆ ಈ ಮನೆಗೆ ಬರುವ ಮುಂಚೆ ಅದೇ ವಾರಪತ್ರಿಕೆಯಲ್ಲಿ ಮಾತಿನ ಗುಳ್ಳೆಗಳೊಳಗೆ ಅಕ್ಷರ ಬರೆಯುವ ಕೆಲಸದಲ್ಲಿದ್ದಳು. ಪುಟ ಜೋಡಿಸುವ ವಿಭಾಗದಲ್ಲಿದ್ದ ಮೇಷ್ಟ್ರ ಮಗನಿಗೆ ಅವಳ ಅಕ್ಷರ ಮೆಚ್ಚುಗೆಯಾಗಿ, ಆಮೇಲೆ ಅವಳೂ ಮೆಚ್ಚುಗೆಯಾಗಿ, ಮದುವೆಯಾಯಿತು. ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ಅತ್ತೆ ಅವಳನ್ನು ಮಾವನ ಕೆಲಸದ ಕೋಣೆಗೆ ಕರೆದೊಯ್ದು ಕೈಗೆ ಕುಂಚ ಕೊಟ್ಟಿದ್ದರು. “ಅವರ ಕೈ ನಡುಗೋಕೆ ಶುರುವಾಗಿದೆ. ಪೆನ್ಸಿಲ್ ಗೀಚ್ತಾರೆ, ಮಸಿ ಹಾಕೋಕೆ ಆಗ್ತಿಲ್ಲ. ಇನ್ಮೇಲೆ ನೀನು ಹಾಕು. ಯಾರಿಗೂ ಗೊತ್ತಾಗಬಾರದು.”

ಅಂದಿನಿಂದ ಒಂಬತ್ತು ವರ್ಷ! ಕಲಿಸಿದ್ದೂ ಅತ್ತೆಯೇ. ಮೇಷ್ಟ್ರು ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ಅತ್ತೆ ಸೊಸೆಯ ಬೆನ್ನ ಹಿಂದೆ ನಿಂತು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡುತ್ತ, “ಕಾಗದ ಅಡ್ಡ ತಿರುಗಿಸ್ಕೊಂಡು ಗೆರೆ ಹಾಕು. ಹಾಗಲ್ಲ! ಕಪ್ಪು ಕಡಿಮೆ ಆಯ್ತು. ಕಪ್ಪಿಗೆ ಹೆದರ್ತೀಯಲ್ಲ, ನೀನೇ ಹೆದರಿದ್ರೆ ಓದೋರು ಹೆದರ್ತಾರಾ?” ಎಂದು ಗದರುತ್ತಿದ್ದರು. ಒಂದು ಗೆರೆ ತಪ್ಪಿದರೆ ಇಡೀ ಪುಟ ಹರಿದು ಹಾಕುತ್ತಿದ್ದರು. ಗಂಡನ ಕೆಲಸವನ್ನು ಮೂವತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದಾರೆ, ಅದಕ್ಕೇ ಇಷ್ಟು ಗೊತ್ತು ಎಂದು ಸೊಸೆ ಅಂದುಕೊಂಡಿದ್ದಳು. ಆದರೆ ಅತ್ತೆಗೆ ತನ್ನ ಮೇಲೆ ಯಾಕಿಷ್ಟು ಹಗೆ ಎಂಬುದು ಮಾತ್ರ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಪುಟ ಚೆನ್ನಾಗಿ ಬಂದ ದಿನವೇ ಅತ್ತೆ ಹೆಚ್ಚು ಸಿಡುಕುತ್ತಿದ್ದರು. ಆ ದಿನ ಊಟದ ಹೊತ್ತಿಗೆ ಒಂದು ಮಾತೂ ಆಡುತ್ತಿರಲಿಲ್ಲ.

ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನ ಸೊಸೆ ಬದುಕಿದ್ದು ಕದ್ದ ಮಾಲು ಮನೆಯಲ್ಲಿಟ್ಟುಕೊಂಡವರ ಹಾಗೆ. ಕರೆಗಂಟೆ ಬಾರಿಸಿದರೆ ಮೊದಲು ಕುಂಚಗಳನ್ನು ಬಚ್ಚಿಡುತ್ತಿದ್ದಳು. ಶಾಲೆಯ ಬಾಗಿಲಲ್ಲಿ ಟೀಚರ್ ನಕ್ಕರೆ, ಆ ನಗೆಯ ಹಿಂದೆ ಏನಿದೆಯೋ ಎಂದು ಗುಬ್ಬಿಯನ್ನು ಬಿಟ್ಟು ಬೇಗಬೇಗ ಹೊರಟುಬಿಡುತ್ತಿದ್ದಳು. ಬೆರಳ ಸಂದಿನ ಮಸಿಯನ್ನು ಕಲ್ಲು ಹಾಕಿ ಉಜ್ಜಿದಳು, ಚರ್ಮ ಕೆಂಪಾಯಿತೇ ಹೊರತು ಉಗುರಿನ ಬುಡದ ಕಪ್ಪು ಹೋಗಲಿಲ್ಲ. ಬಂದವರ ಕಣ್ಣಿಗೆ ಇದು ಬಿದ್ದರೆ? ಗುಬ್ಬಿ ಓಡಿಬಂದು ಏನಾದರೂ ಅಂದುಬಿಟ್ಟರೆ? ಅತ್ತೆ ಹೇಳಿದ ಹಾಗೆ ಮಾಡುವವರೇ. ಗಂಡ ಅವರೆದುರು ಒಂದು ಮಾತೂ ಎತ್ತುವವನಲ್ಲ. ಮಗಳ ಬಟ್ಟೆ ಮಡಚುತ್ತ ಕೂತವಳು, ಈ ಪುಟ್ಟ ಅಂಗಿಗಳನ್ನು ಇನ್ನು ಯಾರು ಮಡಚುತ್ತಾರೋ ಎಂದುಕೊಂಡು ಬಾಯಿಗೆ ಅಂಗಿ ಅದುಮಿಕೊಂಡು ಅತ್ತಳು...

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸಂಗ್ರಹಾಲಯದಾಕೆ ಬಂದಳು. ಐವತ್ತರ ಆಸುಪಾಸಿನ ಸಣಕಲು ಹೆಂಗಸು, ಬೂದುಬಣ್ಣದ ಕೋಟು, ಕುತ್ತಿಗೆಯಲ್ಲಿ ನೇತಾಡುವ ಭೂತಗನ್ನಡಿ. ಮೇಷ್ಟ್ರನ್ನು ಕಂಡೊಡನೆ ಕೈ ಹಿಡಿದುಕೊಂಡು, “ಚಿಕ್ಕವಳಿದ್ದಾಗ ನಿಮ್ಮಿಂದಾಗಿ ನಾನು ಮೆಟ್ಟಿಲು ಇಳಿಯೋವಾಗ ಕಣ್ಣು ಮುಚ್ಕೋತಿದ್ದೆ ಸಾರ್. ಎರಡು ಸಲ ಬಿದ್ದು ಹಲ್ಲು ಮುರ್ಕೊಂಡಿದ್ದೀನಿ!” ಎಂದು ನಕ್ಕಳು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಗುಬ್ಬಿಯನ್ನು ಶಾಲೆಗೆ ಕಳಿಸಿಯಾಗಿತ್ತು. ಅತ್ತೆ ಸೊಸೆಗೆ ಉದ್ದ ತೋಳಿನ ಸ್ವೆಟರ್ ಹಾಕಿಸಿ, “ಕೈ ಜೇಬಿನಿಂದ ತೆಗೀಬೇಡ” ಎಂದಿದ್ದರು.

ಕೆಲಸದ ಕೋಣೆಯ ಉದ್ದನೆಯ ಮೇಜಿನ ಮೇಲೆ ಹಳೆಯ ಪುಟಗಳು, ಹೊಸ ಪುಟಗಳು ಸಾಲಾಗಿ ಹರಡಿದ್ದವು. ಬಂದಾಕೆ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡತೊಡಗಿದಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಮೊದಲು “ಆಹಾ” ಎನ್ನುತ್ತಿದ್ದವಳು ಬರಬರುತ್ತ ಸುಮ್ಮನಾದಳು. ಒಂದು ಹಳೆಯ ಪುಟ, ಒಂದು ಹೊಸ ಪುಟ ಪಕ್ಕಪಕ್ಕ ಇಟ್ಟಳು. ಮತ್ತೆ ಬದಲಿಸಿದಳು. ಸೊಸೆ ಜೇಬಿನೊಳಗಿನ ಕೈಗಳನ್ನು ಇನ್ನಷ್ಟು ಆಳಕ್ಕೆ ತಳ್ಳಿದಳು.

“ಸಾರ್, ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ.”

“ಕೇಳಮ್ಮ.”

“ಈ ಒಂಬತ್ತು ವರ್ಷದ ಪುಟಗಳಲ್ಲಿ ಓರೆಗೆರೆ ಮೇಲಿಂದ ಕೆಳಗೆ ಬಂದಿದೆ. ದಪ್ಪ ತುದಿ ಮೇಲಿದೆ. ಹಳೇ ಪುಟಗಳಲ್ಲಿ ಕೆಳಗಿಂದ ಮೇಲೆ ಹೋಗಿದೆ. ನೋಡೋಕೆ ಒಂದೇ ಥರ. ಆದ್ರೆ ಹಾಕಿದ ಕೈ ಬೇರೆ.”

ಮುಗಿಯಿತು! ಸೊಸೆಗೆ ಮಗಳ ಮುಖ ಕಣ್ಣೆದುರು ಬಂತು.

“ವಯಸ್ಸಾಯ್ತಲ್ಲಮ್ಮ ಅವರಿಗೆ,” ಎಂದು ಅತ್ತೆ ಥಟ್ಟನೆ ಅಂದರು. “ಕೈ ನಡುಗುತ್ತೆ. ಕಾಗದ ತಿರುಗಿಸ್ಕೊಂಡು ಹಾಕ್ತಾರೆ. ಅದಕ್ಕೆ ಹಾಗೆ.”

“ಇರಬಹುದು. ಆದ್ರೆ ನನ್ನ ತಲೆ ಕೆಡಿಸಿರೋದು ಹೊಸ ಪುಟಗಳಲ್ಲ.” ಬಂದಾಕೆ ತಗ್ಗಿದ ಧ್ವನಿಯಲ್ಲಿ ಹೇಳಿದಳು. “ಹಳೇವು. ಸಾರ್ ಪೆನ್ಸಿಲ್ ಹಿಡಿಯೋದು ಬಲಗೈಯಲ್ಲಿ. ಅಳಿಸದೆ ಉಳಿದಿರೋ ಪೆನ್ಸಿಲ್ ಗೆರೆಗಳೆಲ್ಲ ಬಲಗೈಯವರು ಹಾಕೋ ಹಾಗೆ ಈ ಕಡೆ ವಾಲಿವೆ. ಮಸಿ ಗೆರೆ ಮಾತ್ರ ಮೊದಲನೇ ವಾರದಿಂದ ಆ ಕಡೆ ವಾಲಿದೆ. ಇಲ್ಲಿ ನೋಡಿ, ಹಸಿ ಮಸಿ ಮೇಲೆ ಅಂಗೈ ಒರೆಸಿದ ಗುರುತು. ಎಡಗಡೆ ಇದೆ. ಸಾರ್... ಈ ಕಪ್ಪೆಲ್ಲ ಎಡಗೈಯವರು ಹಾಕಿದ್ದು.”

ಅತ್ತೆ ಎಡಗೈಯವರು ಎಂಬುದು ಆ ಮನೆಯಲ್ಲಿ ಹೊಸ ಸುದ್ದಿಯೇನಲ್ಲ. ಎಡಗೈಯಲ್ಲೇ ತರಕಾರಿ ಹೆಚ್ಚುತ್ತಿದ್ದರು, ಎಡಗೈಯಲ್ಲೇ ಗುಂಡಿ ಹೊಲಿಯುತ್ತಿದ್ದರು. ಒಂಬತ್ತು ವರ್ಷ ದಿನಾ ನೋಡಿದ್ದನ್ನು ಸೊಸೆ ಆ ಕ್ಷಣದಲ್ಲಿ ಮೊದಲ ಬಾರಿ ನೋಡಿದಳು. ಅತ್ತೆಯ ಎಡಗೈ ಕುರ್ಚಿಯ ಬೆನ್ನನ್ನು ಹಿಡಿದಿತ್ತು. ತನ್ನ ಬಲಗೈಯ ಗೆರೆ ಎಡಗೈಯದರ ಹಾಗೆ ವಾಲುವಂತೆ ಕಾಗದ ಅಡ್ಡ ತಿರುಗಿಸಲು ಹೇಳುತ್ತಿದ್ದದ್ದು ಯಾಕೆ, ಮೂಗು ತಾಗುವಷ್ಟು ಬಗ್ಗುತ್ತಿದ್ದದ್ದು ಯಾಕೆ, ಪುಟ ಚೆನ್ನಾಗಿ ಬಂದ ದಿನ ಮಾತು ನಿಲ್ಲುತ್ತಿದ್ದದ್ದು ಯಾಕೆ... ಎಲ್ಲವೂ ಒಟ್ಟಿಗೆ ಎದೆಗೆ ಬಂದು ಬಡಿಯಿತು.

“ಅತ್ತೆ... ನೀವಾ?”

“ಬಾಯ್ಮುಚ್ಚು!” ಅತ್ತೆ ಚೀರಿದರು. “ಏನು ನೀವಾ? ಯಾರು ಏನಂದ್ರು? ನೀವು ಹೊರಡಿ ತಾಯಿ, ನಮಗೆ ನಿಮ್ಮ ಕೋಣೆಯೂ ಬೇಡ, ಏನೂ ಬೇಡ! ಹೊರಡಿ ಅಂದ್ನಲ್ಲ!”

ಅವರು ಪುಟಗಳನ್ನು ಬಾಚಿ ಎಳೆದುಕೊಳ್ಳಲು ಹೋದರು. ಕೈಗೆ ಅಂಚು ಸಿಗಲಿಲ್ಲ. ಗಾಳಿಯಲ್ಲಿ ತಡಕಾಡಿದರು. ಒಂದು ಪುಟ ಜಾರಿ ನೆಲಕ್ಕೆ ಬಿತ್ತು, ಅವರು ಅದನ್ನು ಹುಡುಕಿದ್ದು ಮೇಜಿನ ಮೇಲೆ. ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಈ ಹೆಂಗಸಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ.

“ಸಾಕು ಕಣೇ...” ಮೇಷ್ಟ್ರು ಎದ್ದು ನಿಂತಿದ್ದರು. “ಸಾಕು. ನನಗೆ ಇನ್ನು ಆಗಲ್ಲ.”

“ನೀವು ಸುಮ್ನಿರಿ!”

“ನಲವತ್ತೊಂದು ವರ್ಷ ಸುಮ್ನಿದ್ದೆ.” ಅವರು ಬಂದಾಕೆಯ ಕಡೆ ತಿರುಗಿದರು. “ಕಥೆ ನಂದು. ಪೆನ್ಸಿಲ್ ನಂದು. ಕಪ್ಪು ಇವಳದಮ್ಮ. ಮೊದಲನೇ ವಾರ ನಂಗೆ ಜ್ವರ. ಕೊಡೋ ದಿನ ಬಂತು. ನಾನು ಕಪ್ಪು ಹಾಕೋಕೆ ಹೆದರ್ತಿದ್ದೆ, ಚಿತ್ರ ಹಾಳಾಗುತ್ತೆ ಅಂತ ಒಂದು ಮೂಲೆಗೆ ಚೂರು ಬಳೀತಿದ್ದೆ ಅಷ್ಟೆ. ಇವಳು ಕೂತು ಇಡೀ ಚೌಕ ಮುಳುಗಿಸಿಬಿಟ್ಳು! ಸಂಪಾದಕರು ನೋಡಿ, ‘ಯಾರಯ್ಯಾ ನಿನಗೆ ಈ ಕಪ್ಪು ಕಲಿಸಿದ್ದು’ ಅಂತ ತಬ್ಕೊಂಡ್ರು. ಅವತ್ತೇ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ ನೋಡಿ...”

ಮಗ ಬಾಗಿಲ ಬಳಿ ನಿಂತಿದ್ದ. ಪ್ರತಿ ವಾರ ಆ ಪುಟಗಳನ್ನು ಪತ್ರಿಕೆಗೆ ಒಯ್ಯುತ್ತಿದ್ದವನು ಅವನು. ಹೆಂಡತಿ ಮಸಿ ಹಾಕುವುದು ಅವನಿಗೆ ಗೊತ್ತಿತ್ತು. ಅದಕ್ಕೂ ಹಿಂದಿನದು ಗೊತ್ತಿರಲಿಲ್ಲ.

“ಅಮ್ಮಾ, ಚಿಕ್ಕೋನಿದ್ದಾಗ ಅಪ್ಪನ ಕೋಣೆಗೆ ಹೋಗಬೇಡ ಅಂತ ಹೊಡೀತಿದ್ದೆಯಲ್ಲ... ಒಳಗೆ ನೀನಿರ್ತಿದ್ಯಾ?”

ಅತ್ತೆ ನಿಂತಲ್ಲೇ ಕುಸಿದು ನೆಲದ ಮೇಲೆ ಕೂತರು. ಸೊಸೆ ಓಡಿಹೋಗಿ ಹಿಡಿದುಕೊಂಡಳು. ಯಾವಾಗಲೂ ಕೊಡವಿ ಹಾಕುತ್ತಿದ್ದ ಆ ಕೈ ಇಂದು ಅವಳ ತೋಳನ್ನು ಮುಳುಗುವವರು ಹಿಡಿಯುವ ಹಾಗೆ ಹಿಡಿಯಿತು.

“ಯಾರಾದ್ರೂ ಬಾಗಿಲು ಬಡಿದ್ರೆ ಸಾಕು, ಎದೆ ಬಾಯಿಗೆ ಬರ್ತಿತ್ತು,” ಅತ್ತೆ ಯಾರಿಗೆ ಹೇಳುತ್ತಿದ್ದರೋ, ಪಿಸುಗುಟ್ಟುತ್ತಿದ್ದರು. “ಒಬ್ಬ ಗೆಳತಿನ ಮನೆಗೆ ಕರೀಲಿಲ್ಲ. ಮಗನ್ನ ಹತ್ರ ಸೇರಿಸ್ಲಿಲ್ಲ. ಸಿಕ್ಕಿಬಿದ್ರೆ ಇವರ ಮಾನ ಹೋಗುತ್ತಲ್ಲ ಅಂತ... ಆಮೇಲೆ ಕಣ್ಣಿಗೆ ಪೊರೆ ಅಲ್ಲ, ನರಾನೇ ಸಾಯ್ತಿದೆ ಅಂದ್ರು ಡಾಕ್ಟ್ರು. ಕುಂಚ ನಿನ್ನ ಕೈಗೆ ಕೊಟ್ಟೆ. ನೀನು ಚೆನ್ನಾಗಿ ಹಾಕಿದ ದಿನ ನಂಗೆ ನಿನ್ನ ಕತ್ತು ಹಿಸುಕಿಬಿಡೋಣ ಅನ್ನಿಸ್ತಿತ್ತು ಕಣೇ. ನಂಗೆ ಇದ್ದದ್ದು ಅದೊಂದೇ. ಹೆಸರೂ ಇರ್ಲಿಲ್ಲ, ಏನೂ ಇರ್ಲಿಲ್ಲ... ಅದೊಂದೇ ಇದ್ದಿದ್ದು!”

ಸೊಸೆ ಒಂಬತ್ತು ವರ್ಷ ಎದೆಯಲ್ಲಿ ಕಟ್ಟಿಟ್ಟ ಸಿಟ್ಟು ಹಾಗೆಲ್ಲ ಒಂದು ಗಳಿಗೆಯಲ್ಲಿ ಕರಗುವಂಥದ್ದಲ್ಲ. ಆದರೂ ಅವಳು ಆ ಕೈ ಬಿಡಿಸಿಕೊಳ್ಳಲಿಲ್ಲ. “ಗುಬ್ಬಿನ ನನ್ನಿಂದ ಕಿತ್ಕೋತೀನಿ ಅಂದ್ರಲ್ಲ ಅತ್ತೆ...” ಎಂದಷ್ಟೇ ಅಂದಳು.

“ಅಂದೆ,” ಎಂದರು ಅತ್ತೆ. “ಅಂದ್ಬಿಟ್ಟೆ.”

ಬಂದಾಕೆ ಕುತ್ತಿಗೆಯ ಭೂತಗನ್ನಡಿಯನ್ನು ತೆಗೆದು ಜೇಬಿಗಿಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು. “ನಾನು ಇದನ್ನ ಬರೀಲೇಬೇಕಾಗುತ್ತೆ ಸಾರ್. ಕೋಣೆ ತೆರೆಯೋದು ನಿಂತ್ರೂ ನಿಲ್ಲಬಹುದು. ಜನ ಏನೇನಂತಾರೋ ಹೇಳಕ್ಕಾಗಲ್ಲ.”

“ನಾನೇ ಬರೆದು ಕೊಡ್ತೀನಿ,” ಎಂದರು ಮೇಷ್ಟ್ರು. ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು, ಸೊಟ್ಟಸೊಟ್ಟ ಅಕ್ಷರಗಳಲ್ಲಿ, ಅರ್ಧ ಗಂಟೆ ಹಿಡಿದು ನಾಲ್ಕು ಸಾಲು ಬರೆದರು. ಕೊನೆಯ ಸಾಲಿನಲ್ಲಿ ಸೊಸೆಯ ಪಾಲನ್ನೂ ಬರೆದರು. ಸಹಿ ಹಾಕುವಾಗ ಅತ್ತೆ ಅವರ ಮೊಣಕೈ ಹಿಡಿದು ತಡೆಯಲು ಹೋದರು. “ಬಿಡು,” ಎಂದರು ಮೇಷ್ಟ್ರು. ಅತ್ತೆ ಬಿಟ್ಟರು.

ಅಂದು ಸಂಜೆ ಶಾಲೆಯಿಂದ ಬಂದ ಗುಬ್ಬಿ, ಮನೆಯವರೆಲ್ಲರ ಊದಿದ ಕಣ್ಣು ನೋಡಿ ಹೆದರಿ ಅಮ್ಮನ ಮಡಿಲಿಗೆ ಬಂದಳು. ವಿಷಯ ತಿಳಿದ ಮೇಲೆ, “ಹಾಗಾದ್ರೆ ನಾನು ಸುಳ್ಳು ಹೇಳಿಲ್ವಲ್ಲಾ?” ಎಂದು ಕೇಳಿದಳು. ಮರುದಿನ ಸೊಸೆ ಮಗಳ ಕೈ ಹಿಡಿದು ಟೀಚರ್ ಹತ್ತಿರ ಹೋದಳು. ಬೆರಳ ಮಸಿಯನ್ನು ತೊಳೆದಿರಲಿಲ್ಲ.

ಆಮೇಲೆ ನಡೆದದ್ದು ಸುಲಭದ್ದೇನಲ್ಲ. ಪತ್ರಿಕೆ ಚಿತ್ರಕಥೆಯನ್ನು ನಿಲ್ಲಿಸಿತು. ‘ನಲವತ್ತೊಂದು ವರ್ಷ ಮೋಸ’ ಎಂದು ಓದುಗರು ಬರೆದರು. ಯಾರೋ ಮನೆಯ ಬಾಗಿಲಿಗೆ ಒಂದು ಡಬ್ಬಿ ಮಸಿ ಸುರಿದು ಹೋದರು. ಅದನ್ನು ಉಜ್ಜಿ ತೊಳೆಯುವಾಗ ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರೂ ತನ್ನನ್ನೇ ನೋಡುತ್ತಿರುವ ಹಾಗೆ ಸೊಸೆಗೆ ಅನ್ನಿಸುತ್ತಿತ್ತು. ಆಗ ಗಂಡ ಬಕೆಟ್ ಹಿಡಿದು ಬಂದು ಪಕ್ಕದಲ್ಲಿ ಕೂತ. ಅಮ್ಮ ಹೇಳಿದ ಹಾಗೆ ಕೇಳು ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಮೇಷ್ಟ್ರಿಗೆ ಬರುತ್ತಿದ್ದ ಬಿರುದು, ಸನ್ಮಾನದ ಪತ್ರಗಳು ನಿಂತವು. ಅವರು ಹಗಲೆಲ್ಲ ಕಿಟಕಿಯ ಬಳಿ ಕೂತು ಮೊಮ್ಮಗಳಿಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದರು. ಇಳಿದುಹೋಗಿದ್ದರು. ಆದರೆ ರೆಪ್ಪೆ ಮುಚ್ಚಿದರೆ ನಿದ್ದೆ ಬರುತ್ತದೆ ಎಂದು ಹೇಳುತ್ತಿದ್ದರು.

ಒಂದೂವರೆ ವರ್ಷದ ಮೇಲೆ ಸಂಗ್ರಹಾಲಯದವರು ಕೋಣೆ ತೆರೆದರು. ಮೊದಲು ಅಂದುಕೊಂಡದ್ದಕ್ಕಿಂತ ಚಿಕ್ಕದು. ಗೋಡೆಯ ಮೇಲೆ ಮೂರು ಹೆಸರು. ಮೇಷ್ಟ್ರು ಬರಲಿಲ್ಲ. “ನನ್ನನ್ನ ಜನ ನೋಡಿ ಆಗಿದೆ. ನೀನು ಹೋಗು,” ಎಂದು ಹೆಂಡತಿಯನ್ನು ಕಳಿಸಿದರು.

ಅಷ್ಟರಲ್ಲಿ ಅತ್ತೆಗೆ ಬೆಳಕು, ಕತ್ತಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸಂಗ್ರಹಾಲಯದ ಹೊಸ್ತಿಲಲ್ಲಿ ಅವರ ಕಾಲು ನಿಂತಿತು. “ಬೇಡ ಕಣೇ, ವಾಪಸ್ ಹೋಗೋಣ. ಬೈತಾರೆ,” ಎಂದರು. “ಬೈದ್ರೆ ಇಬ್ರೂ ಬೈಸ್ಕೊಳ್ಳೋಣ ಬನ್ನಿ ಅತ್ತೆ,” ಎಂದು ಸೊಸೆ ತೋಳು ಹಿಡಿದು ಒಳಗೆ ನಡೆಸಿದಳು.

ಒಳಗೆ ಯಾರೂ ಬೈಯಲಿಲ್ಲ. ಕೆಲವರು ಗುರುತು ಹಿಡಿದು ದೂರ ಸರಿದರು. ಬಹಳ ಹೊತ್ತಾದ ಮೇಲೆ ನಲವತ್ತು ದಾಟಿದ ಚಿತ್ರಕಾರನೊಬ್ಬ ಅಳುಕುತ್ತ ಹತ್ತಿರ ಬಂದ. ತಾನೂ ಈಗ ಪುಸ್ತಕ ಮಾಡುತ್ತೇನೆ, ಕಪ್ಪು ಹಾಕುವಾಗಲೆಲ್ಲ ಈ ಪುಟಗಳೇ ನೆನಪಾಗುತ್ತವೆ ಎಂದ. ಆಮೇಲೆ ಧ್ವನಿ ತಗ್ಗಿಸಿ, “ಹತ್ತು ವರ್ಷದವನಾಗೋ ತನಕ ಸ್ನಾನದ ಮನೆ ಆಚೆ ನಮ್ಮಮ್ಮ ನಿಂತಿರಬೇಕಿತ್ತು ಅಮ್ಮಾ. ಅಷ್ಟು ಹೆದರಿಸಿಬಿಟ್ಟಿದ್ರಿ ನೀವು,” ಎಂದ.

ಅತ್ತೆ ಸೊಸೆಯ ಕಿವಿಗೆ ಬಗ್ಗಿದರು. “ಅವನ ಮುಖ ಹೇಗಿದೆ? ಹೇಳು.”

“ನಗ್ತಿದ್ದಾರೆ ಅತ್ತೆ. ಕಣ್ಣಲ್ಲಿ ನೀರಿದೆ.”

ಅತ್ತೆ ಎಡಗೈ ಚಾಚಿದರು. ಗಾಳಿಯಲ್ಲಿ ಅಲೆದ ಆ ಕೈಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಾನೂ ತುಂಬ ಹೆದರಿದ್ದೆ ಕಣಪ್ಪಾ,” ಎಂದರು ಅತ್ತೆ. ಆಮೇಲೆ ಸೊಸೆಯ ತೋಳು ಹುಡುಕಿಕೊಂಡರು. “ನಡಿ, ಮನೆಗೆ ಹೋಗೋಣ. ನಿಮ್ಮ ಮಾವ ಊಟ ಮಾಡದೆ ಕಾಯ್ತಿರ್ತಾರೆ. ಜನ ಏನಂದ್ರು ಅಂತ ಕೇಳ್ತಾರೆ.”